ಡ್ರೋನ್ ತಾನಾಗಿಯೇ ತಿರುಗುತ್ತಿದೆ, ಮೂರು ಬಾರಿ ಸಂಪರ್ಕವೂ ಕಡಿದಿದೆ: ರಿಮೋಟ್‌ನಲ್ಲಿ ಏನನ್ನು ಹುಡುಕಲಿ?

ತೊಗರಿಹೊಲ | ನವೆಂಬರ್ 9, ರಾತ್ರಿ 8.40

ಎಲ್ಲರಿಗೂ ನಮಸ್ಕಾರ. ನಮ್ಮದು ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕು. 10 ಲೀಟರ್ ಟ್ಯಾಂಕಿನ ಸಿಂಪಡಣೆ ಡ್ರೋನ್ ಇಟ್ಟುಕೊಂಡು ಎರಡು ಹಂಗಾಮಿನಿಂದ ಸುತ್ತಲಿನ ಊರುಗಳ ತೊಗರಿಗೆ ಔಷಧ ಹೊಡೆಯುತ್ತಿದ್ದೇನೆ. ಪೈಲಟ್ ಪ್ರಮಾಣಪತ್ರ ಇದೆ. ಈಗ ಹೂವು ಉದುರಿ ಕಾಯಿ ಕಟ್ಟುವ ಹೊತ್ತು, ಕಾಯಿಕೊರಕ ಬಿದ್ದಿದೆ. ಎರಡು ದಿನ ತಡವಾದರೆ ಹುಳು ಕಾಯಿಯ ಒಳಗೆ ಸೇರುತ್ತದೆ, ಆಮೇಲೆ ಹೊಡೆದ ಔಷಧ ವ್ಯರ್ಥ. ಇಂಥ ಹೊತ್ತಿನಲ್ಲಿ ರಿಮೋಟ್ ಕೈಕೊಟ್ಟಿದೆ.

ಆಗುತ್ತಿರುವುದು ಇಷ್ಟು. ಸ್ಟಿಕ್ ಮುಟ್ಟದೆ ಬಿಟ್ಟರೂ ಡ್ರೋನ್ ನಿಧಾನವಾಗಿ ಬಲಕ್ಕೆ ತಿರುಗುತ್ತದೆ. ಬೆಳಿಗ್ಗೆ ಕಡಿಮೆ, ಬಿಸಿಲೇರಿದಂತೆ ಹೆಚ್ಚು. ಇದರ ಜೊತೆಗೆ ಈ ವಾರದಲ್ಲಿ ಮೂರು ಬಾರಿ ಹಾರಾಟದ ನಡುವೆಯೇ ರೇಡಿಯೊ ಫೇಲ್‌ಸೇಫ್ (ಸಂಪರ್ಕ ಕಡಿದಾಗಿನ ಸುರಕ್ಷಾ ಕ್ರಮ) ಎಂದು ಕೂಗಿ ಡ್ರೋನ್ ಮೇಲೇರಿ ಹೊರಟ ಜಾಗಕ್ಕೆ ಮರಳಿ ಬಂತು. ಮೂರನೆಯ ಸಲ ಬೇವಿನ ಮರದ ತುದಿಯನ್ನು ಒಂದು ಮೊಳದ ಅಂತರದಲ್ಲಿ ದಾಟಿತು. ಹೊಲದ ಯಜಮಾನರು, ಅವರ ಮೊಮ್ಮಗ, ನನ್ನ ಜೊತೆಗಿನ ಹುಡುಗ ಮೂವರೂ ಆ ಮರದ ಕೆಳಗೇ ನಿಂತಿದ್ದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ರಿಮೋಟ್ 2.4 ಗಿಗಾಹರ್ಟ್ಸ್‌ನದು, ಪರದೆ ಇದೆ, ಮೇಲೆ ಮಡಚುವ ಆಂಟೆನಾ. ಡ್ರೋನ್‌ನ ಫ್ಲೈಟ್ ಕಂಟ್ರೋಲರ್‌ನಲ್ಲಿ ಆರ್ಡುಪೈಲಟ್ ಎಂಬ ಹಾರಾಟ ನಿಯಂತ್ರಿಸುವ ಸಾಫ್ಟ್‌ವೇರ್ ಇದೆ. ವಾರಂಟಿ ಮುಗಿದು ಎರಡು ತಿಂಗಳಾಯಿತು. ಮಾರಿದವರಿಗೆ ಫೋನ್ ಮಾಡಿದರೆ ಪೂರ್ತಿ ಸೆಟ್ ಕಳಿಸಿ, ಮೂರು ವಾರ ಬೇಕು ಎಂದರು. ರಿಮೋಟ್ ಬಿಚ್ಚಿದರೆ ಅಭ್ಯಂತರವಿಲ್ಲವಂತೆ, ಜವಾಬ್ದಾರಿ ನನ್ನದಂತೆ. ಹೊಸ ರಿಮೋಟ್ ಕೊಳ್ಳುವುದೇ, ರಿಪೇರಿ ಆಗುತ್ತದೆಯೇ, ಹೇಳಿ.

ಗಾಳಿಪಟ | ನವೆಂಬರ್ 9, ರಾತ್ರಿ 9.05

ಅಣ್ಣ, ನಾನು ಧಾರವಾಡದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೇನೆ, ಚಿಕ್ಕ ಡ್ರೋನ್‌ಗಳನ್ನು ಜೋಡಿಸಿ ಹಾರಿಸುತ್ತೇನೆ. ತಾನಾಗಿ ತಿರುಗುವುದಕ್ಕೆ ಮೂರು ಕಾರಣ ಇರಬಹುದು. ದಿಕ್ಸೂಚಿ ಹಾಳಾಗಿರಬೇಕು, ಇಲ್ಲವೇ ರಿಮೋಟ್‌ನ ಟ್ರಿಮ್ ಗುಂಡಿ (ಸ್ಟಿಕ್‌ನ ನಡುವನ್ನು ಸ್ವಲ್ಪ ಸರಿಸುವಂಥದ್ದು) ಅಕಸ್ಮಾತ್ತಾಗಿ ಒತ್ತಿ ಹೋಗಿರಬೇಕು, ಇಲ್ಲವೇ ಸ್ಟಿಕ್‌ನ ನಡು ತಪ್ಪಿರಬೇಕು. ರಿಮೋಟನ್ನು ಮತ್ತೆ ಕ್ಯಾಲಿಬ್ರೇಟ್ ಮಾಡಿ (ಅಂದರೆ ಅದರ ಅಳತೆ ಸರಿಹೊಂದಿಸಿ), ಆರ್ಡುಪೈಲಟ್‌ನಲ್ಲಿ ನಾಲ್ಕನೇ ಚಾನೆಲ್‌ನ, ಅಂದರೆ ತಿರುಗುವ ಆಜ್ಞೆಯ ಡೆಡ್‌ಝೋನ್ (ನಡುವಿನ ಸಣ್ಣ ಅಲುಗಾಟವನ್ನು ಲೆಕ್ಕಿಸದ ವ್ಯಾಪ್ತಿ) ಸ್ವಲ್ಪ ಹೆಚ್ಚಿಸಿದರೆ ನಾಳೆಯೇ ಹಾರಿಸಬಹುದು. ಸಂಪರ್ಕ ಕಡಿಯುವುದಕ್ಕೆ ಬ್ಯಾಟರಿ ನೋಡಿ.

ಸೋಲ್ಡರ್‌ಮನೆ | ನವೆಂಬರ್ 9, ರಾತ್ರಿ 10.20

ದಯವಿಟ್ಟು ನಾಳೆ ಹಾರಿಸಬೇಡಿ. ತುಂಬಿದ ಟ್ಯಾಂಕಿನ ಡ್ರೋನ್ 20 ಕಿಲೋಗ್ರಾಂ ದಾಟುತ್ತದೆ, ಅದರ ಪ್ರೊಪೆಲರ್ ಕೈಯುದ್ದದ ಕತ್ತಿ. ಮರದ ಕೆಳಗೆ ಮಗು ನಿಂತಿತ್ತು ಎಂದು ನೀವೇ ಬರೆದಿದ್ದೀರಿ.

ನಾನು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ 20 ವರ್ಷದಿಂದ ರಿಪೇರಿ ಕೆಲಸ ಮಾಡುತ್ತಿದ್ದೇನೆ. ಮೊದಲು ರೇಡಿಯೊ, ಆಂಪ್ಲಿಫೈಯರ್, ಈಗ ಹೆಚ್ಚಾಗಿ ರಿಮೋಟ್‌ಗಳು. ನಿಮ್ಮ ಬರಹ ಓದಿದಾಗ ನನಗೆ ಅನ್ನಿಸಿದ್ದು ಒಂದೇ: ನೀವು ಎರಡು ರೋಗಗಳನ್ನು ಒಂದೇ ರೋಗವೆಂದು ತಿಳಿದಿದ್ದೀರಿ. ತಾನಾಗಿ ತಿರುಗುವುದು ಬೇರೆ, ಸಂಪರ್ಕ ಕಡಿಯುವುದು ಬೇರೆ. ಎರಡೂ ಒಂದೇ ವಾರ ಕಾಣಿಸಿಕೊಂಡ ಮಾತ್ರಕ್ಕೆ ಒಂದೇ ಕಾರಣ ಇರಬೇಕೆಂದಿಲ್ಲ. ಒಂದಕ್ಕೆ ಮದ್ದು ಮಾಡಿ ಅದು ವಾಸಿಯಾದರೆ ಇನ್ನೊಂದೂ ವಾಸಿಯಾಯಿತೆಂದು ನಂಬಿ ಹಾರಿಸುತ್ತೀರಿ. ನನ್ನ ಹೆದರಿಕೆ ಅದು.

ಮೊದಲು ತಿರುಗುವ ರೋಗ. ಆರೂ ಪ್ರೊಪೆಲರ್ ಬಿಚ್ಚಿಡಿ. ರಿಮೋಟ್ ಮಾತ್ರ ಆನ್ ಮಾಡಿ, ಅದರ ಪರದೆಯಲ್ಲಿ ಚಾನೆಲ್ ಮಾನಿಟರ್ ಪುಟ ತೆರೆಯಿರಿ. ಅಂಕಿ 1000ದಿಂದ 2000ದವರೆಗೆ ಇರುತ್ತದೆ, ನಡು 1500. ಟ್ರಿಮ್ ಸೊನ್ನೆಯಲ್ಲಿದೆಯೇ ನೋಡಿಕೊಳ್ಳಿ. ಈಗ ಎಡಗಡೆಯ ಸ್ಟಿಕ್ಕನ್ನು ಪೂರ್ತಿ ಎಡಕ್ಕೆ ಒಯ್ದು ಮೆಲ್ಲಗೆ ಬಿಡಿ, ನಿಂತ ಅಂಕಿ ಬರೆದುಕೊಳ್ಳಿ. ಬಲಕ್ಕೆ ಒಯ್ದು ಬಿಡಿ, ಬರೆದುಕೊಳ್ಳಿ. ಹತ್ತು ಸಲ ಮಾಡಿ. ಕೊನೆಗೆ ಸ್ಟಿಕ್‌ನ ಬುಡದ ಹತ್ತಿರ ಬೆರಳಿನಿಂದ ಮೆಲ್ಲಗೆ ತಟ್ಟಿ, ಅಂಕಿ ಜಿಗಿಯುತ್ತದೆಯೇ ನೋಡಿ. ಬೆಳಿಗ್ಗೆ ಒಮ್ಮೆ, ಅರ್ಧ ಗಂಟೆ ಬಿಸಿಲಿನಲ್ಲಿಟ್ಟು ಇನ್ನೊಮ್ಮೆ.

ಅಂಕಿ ರಿಮೋಟ್‌ನ ಪರದೆಯಲ್ಲೇ ತಪ್ಪಾಗಿದ್ದರೆ ಕಾಯಿಲೆ ರಿಮೋಟ್‌ನದು. ಅಲ್ಲಿ ಸರಿಯಾಗಿದ್ದು, ಡ್ರೋನ್‌ಗೆ ತಲುಪಿದ್ದನ್ನು ತೋರಿಸುವ ಲ್ಯಾಪ್‌ಟಾಪ್‌ನ ಮಿಷನ್ ಪ್ಲ್ಯಾನರ್ ಸಾಫ್ಟ್‌ವೇರ್‌ನಲ್ಲಿ ಕುಣಿಯುತ್ತಿದ್ದರೆ ಡ್ರೋನ್‌ನಲ್ಲಿರುವ ರಿಸೀವರ್ ಅಥವಾ ಅದರ ವೈರ್. ಎರಡರಲ್ಲೂ ಸರಿಯಾಗಿದ್ದರೆ ರಿಮೋಟನ್ನು ಬಿಟ್ಟು ಬೇರೆ ಕಡೆ ಹುಡುಕಬೇಕು.

ಗಾಳಿಪಟ ಅವರೇ, ಡೆಡ್‌ಝೋನ್ ಹೆಚ್ಚಿಸುವುದೆಂದರೆ ಕೀವು ತುಂಬಿದ ಗಾಯದ ಮೇಲೆ ಪಟ್ಟಿ ಕಟ್ಟಿದಂತೆ. ಇವತ್ತು 30 ಅಂಕಿ ಸರಿದಿದೆ, ನಾಳೆ 80 ಸರಿಯುತ್ತದೆ, ಅದು ಡ್ರೋನನ್ನು ಏರಿಳಿಸುವ ಥ್ರಾಟಲ್ ಚಾನೆಲ್‌ಗೂ ಬಂದರೆ ಏನು ಮಾಡುತ್ತೀರಿ?

ಗಾಳಿಪಟ | ನವೆಂಬರ್ 9, ರಾತ್ರಿ 10.41

ಸರ್, ಒಪ್ಪುತ್ತೇನೆ. ನಾನು 250 ಗ್ರಾಂ ಒಳಗಿನ ಡ್ರೋನ್ ಮನಸ್ಸಿನಲ್ಲಿಟ್ಟುಕೊಂಡು ಬರೆದೆ. ದಿಕ್ಸೂಚಿಯ ಅನುಮಾನ ಮಾತ್ರ ನನಗೆ ಹೋಗಿಲ್ಲ.

ಸೋಲ್ಡರ್‌ಮನೆ | ನವೆಂಬರ್ 9, ರಾತ್ರಿ 10.58

ಅದು ಒಳ್ಳೆಯ ಅನುಮಾನವೇ, ಅದನ್ನು ಲಾಗ್, ಅಂದರೆ ಹಾರಾಟದ ದಾಖಲೆ ನೋಡಿ ತೀರ್ಮಾನಿಸಬಹುದು. ಡ್ರೋನ್‌ನ ಮೆಮೊರಿ ಕಾರ್ಡ್‌ನಲ್ಲಿರುವ ಲಾಗ್ ತೆರೆದರೆ ದಿಕ್ಕಿಗೆ ಸಂಬಂಧಿಸಿ ಎರಡು ಗೆರೆ ಸಿಗುತ್ತವೆ. ಒಂದು ಡ್ರೋನ್‌ಗೆ ಬಂದ ಆಜ್ಞೆಯ ದಿಕ್ಕು, ಇನ್ನೊಂದು ಅದು ನಿಜವಾಗಿ ಮುಖ ಮಾಡಿದ ದಿಕ್ಕು. ಆಜ್ಞೆಯ ಗೆರೆಯೇ ಸರಿಯುತ್ತಿದ್ದು ಡ್ರೋನ್ ಅದನ್ನು ಹಿಂಬಾಲಿಸಿದ್ದರೆ ಯಾರೋ ತಿರುಗು ಎಂದು ಹೇಳುತ್ತಿದ್ದಾರೆ ಎಂದರ್ಥ, ಅಂದರೆ ಸ್ಟಿಕ್. ಆಜ್ಞೆ ನೆಟ್ಟಗಿದ್ದು ಡ್ರೋನ್ ಅದರಿಂದ ದೂರ ಸರಿದಿದ್ದರೆ ಮೋಟರ್, ಓರೆಯಾದ ತೋಳು ಇಂಥವುಗಳನ್ನು ನೋಡಬೇಕು. ದಿಕ್ಸೂಚಿ ಕೆಟ್ಟರೆ ಸಾಮಾನ್ಯವಾಗಿ ಡ್ರೋನ್ ನಿಂತಲ್ಲಿ ನಿಲ್ಲದೆ ಸುತ್ತು ಹಾಕುತ್ತದೆ. ಇವರದು ನಿಂತಲ್ಲೇ ತಿರುಗುತ್ತಿದೆ.

ಸಂಘದಕ್ಕ | ನವೆಂಬರ್ 10, ಬೆಳಿಗ್ಗೆ 6.15

ತಮ್ಮಾ, ನಾನು ಹಾವೇರಿ ಜಿಲ್ಲೆಯವಳು. ನಮ್ಮ ಸ್ವಸಹಾಯ ಸಂಘಕ್ಕೆ ನಮೋ ಡ್ರೋನ್ ದೀದಿ ಯೋಜನೆಯಲ್ಲಿ ಡ್ರೋನ್ ಬಂದಿದೆ, ನಾನೇ ಹಾರಿಸುತ್ತೇನೆ. 15 ದಿನದ ತರಬೇತಿಯಲ್ಲಿ ಹಾರಿಸುವುದನ್ನು, ಔಷಧ ಬೆರೆಸುವುದನ್ನು ಚೆನ್ನಾಗಿ ಕಲಿಸಿದರು. ಆದರೆ ರಿಮೋಟ್ ತಪ್ಪು ಹೇಳತೊಡಗಿದರೆ ಹೇಗೆ ಗುರುತಿಸಬೇಕು ಎನ್ನುವುದನ್ನು ನಾನು ಹೊಲದಲ್ಲೇ ಕಲಿತೆ.

ನನಗೂ ಹೀಗೆಯೇ ಆಗಿತ್ತು. ಮುಂದಕ್ಕೆ ಹೋಗುವ ಸ್ಟಿಕ್ ಬಿಟ್ಟರೂ ಡ್ರೋನ್ ತೆವಳುತ್ತಿತ್ತು. ಕಾರಣ ತಿಳಿದಾಗ ಆಶ್ಚರ್ಯವಾಯಿತು. ಬಿಸಿಲಿನಲ್ಲಿ ಮೊಬೈಲ್ ನೋಡಲು ಅನುಕೂಲವಾಗಲೆಂದು ಮಗ ರಿಮೋಟ್‌ಗೆ ಆಯಸ್ಕಾಂತದ ಮೊಬೈಲ್ ಹಿಡಿಕೆ ಅಂಟಿಸಿದ್ದ. ನಮ್ಮ ರಿಮೋಟ್‌ನ ಸ್ಟಿಕ್ ಒಳಗೂ ಆಯಸ್ಕಾಂತವೇ ಇರುತ್ತದಂತೆ. ಹಿಡಿಕೆ ತೆಗೆದ ಗಳಿಗೆಯಲ್ಲಿ ಅಂಕಿ 1500ಕ್ಕೆ ಬಂದು ನಿಂತಿತು. ನಿನ್ನ ರಿಮೋಟ್ ಸುತ್ತ ಅಂಥದ್ದೇನಾದರೂ ಇದೆಯೇ ನೋಡು.

ಮತ್ತೊಂದು ಮಾತು. ಔಷಧ ಬೆರೆಸಿದ ಕೈಗವಸಿನಲ್ಲೇ ರಿಮೋಟ್ ಹಿಡಿಯುತ್ತೀಯಾ? ನಾವು ಎರಡು ಜೊತೆ ಇಟ್ಟುಕೊಂಡಿದ್ದೇವೆ. ಬೆರೆಸುವವಳು ಬೇರೆ, ಹಾರಿಸುವವಳು ಬೇರೆ.

ಸೋಲ್ಡರ್‌ಮನೆ | ನವೆಂಬರ್ 10, ಬೆಳಿಗ್ಗೆ 8.30

ಅಕ್ಕ ಹೇಳಿದ್ದು ಬಹಳ ಮುಖ್ಯ. ಸ್ಟಿಕ್‌ಗಳಲ್ಲಿ ಎರಡು ಜಾತಿ. ಹಾಲ್ ಸಂವೇದಕದ (ಆಯಸ್ಕಾಂತದ ಬಲ ಅಳೆಯುವಂಥದ್ದು) ಸ್ಟಿಕ್‌ನಲ್ಲಿ ಪುಟ್ಟ ಆಯಸ್ಕಾಂತ ತಿರುಗುತ್ತದೆ, ಸಂವೇದಕ ದೂರದಿಂದಲೇ ಅದನ್ನು ಅಳೆಯುತ್ತದೆ, ಯಾವುದೂ ಯಾವುದಕ್ಕೂ ಉಜ್ಜುವುದಿಲ್ಲ, ಆದ್ದರಿಂದ ಸವೆಯುವುದಿಲ್ಲ. ಹೊರಗಿನ ಆಯಸ್ಕಾಂತ ಹತ್ತಿರ ಬಂದರೆ ಮಾತ್ರ ಲೆಕ್ಕ ತಪ್ಪುತ್ತದೆ.

ಇನ್ನೊಂದು ಜಾತಿ ಪಾಟ್, ಅಂದರೆ ಪೊಟೆನ್ಶಿಯೊಮೀಟರ್. ಹಳೆಯ ರೇಡಿಯೊದ ವಾಲ್ಯೂಮ್ ತಿರುಗಿಸಿದಾಗ ಕರಕರ ಸದ್ದು ಬರುತ್ತಿತ್ತಲ್ಲ, ಅದೇ ವಸ್ತು. ಇಂಗಾಲದ ಪಟ್ಟಿಯ ಮೇಲೆ ಲೋಹದ ನಾಲಗೆ ಉಜ್ಜಿಕೊಂಡು ಓಡಾಡುತ್ತದೆ. ಸ್ಪ್ರಿಂಗ್ ಸ್ಟಿಕ್ ಸದಾ ನಡುವಿಗೇ ಮರಳುವುದರಿಂದ ಪಟ್ಟಿ ಸವೆಯುವುದೂ ನಡುವಿನಲ್ಲೇ. ತುದಿಗಳಲ್ಲಿ ಎಲ್ಲವೂ ಸರಿ ಕಾಣುತ್ತದೆ, ಕೈಬಿಟ್ಟಾಗಲೇ ಸುಳ್ಳು ಹೇಳುತ್ತದೆ. ಹೊಲದ ಕಪ್ಪುಮಣ್ಣಿನ ನುಣ್ಣನೆಯ ಧೂಳು ಸೇರಿದರೆ ಸವೆತ ಬೇಗ.

ಅಡಿಕೆಸೋಗೆ | ನವೆಂಬರ್ 10, ಬೆಳಿಗ್ಗೆ 9.10

ಸಾಗರದ ಕಡೆಯವನು. ನಮ್ಮಲ್ಲಿ ಅಡಿಕೆಯ ಕೊಳೆರೋಗಕ್ಕೆ ಬೋರ್ಡೊ ದ್ರಾವಣ ಹೊಡೆಯುತ್ತೇವೆ, 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮೈಲುತುತ್ತದ ನೀರು ತಾಗಿದ ಬ್ಯಾಟರಿ ಸ್ಪ್ರಿಂಗ್ ಒಂದೇ ಮಳೆಗಾಲದಲ್ಲಿ ಹಸಿರುಗಟ್ಟಿ ತಿಂದುಹೋಯಿತು. ರಿಮೋಟ್ ಅಲುಗಿದಾಗಲೆಲ್ಲ ಆಫ್ ಆಗಿ ಆನ್ ಆಗುತ್ತಿತ್ತು. ತೊಗರಿಯ ಔಷಧ ಬೇರೆ ಇರಬಹುದು, ಆದರೂ ಬ್ಯಾಟರಿ ಕೋಣೆ ಬಿಚ್ಚಿ ನೋಡಿ.

ತೊಗರಿಹೊಲ | ನವೆಂಬರ್ 10, ಮಧ್ಯಾಹ್ನ 2.25

ಎಲ್ಲರಿಗೂ ಕೈಮುಗಿದು ಧನ್ಯವಾದ. ಇವತ್ತಿನ ಮೂರು ಹೊಲದ ಕೆಲಸ ಮುಂದೂಡಿದೆ. ಇಬ್ಬರು ರೈತರು ಬೇಸರಪಟ್ಟುಕೊಂಡರು, ಕಾರಣ ಹೇಳಿದ ಮೇಲೆ ಒಪ್ಪಿದರು.

ಟ್ರಿಮ್ ಸೊನ್ನೆಯಲ್ಲೇ ಇತ್ತು. ಅಕ್ಕ, ಆಯಸ್ಕಾಂತ ಏನೂ ಇಲ್ಲ. ಬ್ಯಾಟರಿ ಕೋಣೆ ಸ್ವಚ್ಛವಾಗಿದೆ. ಲಿಥಿಯಂ ಸೆಲ್ ಎರಡು, ಪೂರ್ತಿ ಚಾರ್ಜ್ ಆದಾಗ 8.4 ವೋಲ್ಟ್, ರಿಮೋಟ್ ಆನ್ ಇಟ್ಟು ಅಳೆದರೂ 8.2ಕ್ಕಿಂತ ಕೆಳಗೆ ಬರಲಿಲ್ಲ, ಅಲುಗಿಸಿದರೂ ಕದಲಲಿಲ್ಲ.

ಸ್ಟಿಕ್ ಮಾತ್ರ ಸರಿಯಿಲ್ಲ. ಬೆಳಿಗ್ಗೆ ಎಡದಿಂದ ಬಿಟ್ಟರೆ 1497, 1499, 1496. ಬಲದಿಂದ ಬಿಟ್ಟರೆ 1512, 1519, 1515. ಬಿಸಿಲಿನಲ್ಲಿ ಇಟ್ಟ ಮೇಲೆ ಬಲದಿಂದ ಬಿಟ್ಟರೆ 1538, ಒಮ್ಮೆ 1546. ತಟ್ಟಿದರೆ 1560ಕ್ಕೆ ಜಿಗಿದು ಅಲ್ಲೇ ನಿಂತಿತು. ಲಾಗ್ ಸಹ ನೋಡಿದೆ, ಆಜ್ಞೆಯ ಗೆರೆಯೇ ಓರೆಯಾಗಿ ಏರುತ್ತಿದೆ, ಡ್ರೋನ್ ಅದನ್ನು ನಿಷ್ಠೆಯಿಂದ ಅನುಸರಿಸಿದೆ. ನಾನು ಡ್ರೋನನ್ನು ಬೈಯುತ್ತಿದ್ದೆ, ಅದು ಹೇಳಿದ್ದನ್ನೇ ಮಾಡಿದೆ.

ಹಾಗಾದರೆ ಇದೇ ಪಾಟ್‌ನಿಂದ ಸಂಪರ್ಕವೂ ಕಡಿಯುತ್ತಿರಬಹುದೇ?

ಸೋಲ್ಡರ್‌ಮನೆ | ನವೆಂಬರ್ 10, ಮಧ್ಯಾಹ್ನ 3.05

ಇಲ್ಲ. ಪಾಟ್ ಎಷ್ಟೇ ಕೆಟ್ಟರೂ ರಿಮೋಟ್ ತಪ್ಪು ಅಂಕಿಯನ್ನು ಕಳಿಸುತ್ತದೆಯೇ ಹೊರತು ಕಳಿಸುವುದನ್ನು ನಿಲ್ಲಿಸುವುದಿಲ್ಲ. ಥ್ರಾಟಲ್‌ನ ಪಾಟ್ ಕೆಟ್ಟು ಅಂಕಿ 975ಕ್ಕಿಂತ ಕೆಳಗೆ ಬಿದ್ದರೆ ಮಾತ್ರ ಆರ್ಡುಪೈಲಟ್ ಅದನ್ನು ಸಂಪರ್ಕ ಕಡಿತವೆಂದು ಭಾವಿಸಬಹುದು, ಏಕೆಂದರೆ ಅದರ ಮೂಲ ಹೊಂದಾಣಿಕೆಯಲ್ಲಿ ಗಡಿ 975. ನಿಮ್ಮ ಥ್ರಾಟಲ್ ಪೂರ್ತಿ ಕೆಳಗಿದ್ದಾಗ ಎಷ್ಟು ತೋರಿಸುತ್ತದೆ? ಹತ್ತು ಅಂಕಿಯಾದರೂ ಮೇಲಿರಬೇಕು.

ಸಂಪರ್ಕ ಕಡಿದ ಮೂರೂ ಸಲದ ಲಾಗ್‌ನಲ್ಲಿ ದೋಷದ ಸಾಲು ಹುಡುಕಿ. ಉಪವ್ಯವಸ್ಥೆ 5, ಕೋಡ್ 1 ಎಂದಿದ್ದರೆ ರೇಡಿಯೊ ಫೇಲ್‌ಸೇಫ್ ಶುರುವಾಗಿದೆ, 5 ಮತ್ತು 0 ಎಂದಿದ್ದರೆ ಮುಗಿದಿದೆ. ನಡುವೆ ಎಷ್ಟು ಸೆಕೆಂಡ್, ಡ್ರೋನ್ ಎಲ್ಲಿತ್ತು, ಎಷ್ಟು ದೂರದಲ್ಲಿತ್ತು, ಇಷ್ಟು ಬರೆಯಿರಿ. ಕಳೆದ ವರ್ಷದ ಲಾಗ್ ಅಳಿಸದೆ ಇಟ್ಟುಕೊಂಡಿದ್ದರೆ ಅದೇ ದೊಡ್ಡ ಆಸ್ತಿ.

ತೊಗರಿಹೊಲ | ನವೆಂಬರ್ 10, ಸಂಜೆ 7.50

ಥ್ರಾಟಲ್ ಕೆಳಗಿದ್ದಾಗ 1004. ಕದಲುವುದಿಲ್ಲ.

ಮೂರೂ ಬಾರಿ 5 ಮತ್ತು 1. ಒಂದು ಸೆಕೆಂಡಿನಿಂದ ನಾಲ್ಕು ಸೆಕೆಂಡಿನೊಳಗೆ ಸಂಪರ್ಕ ಮರಳಿದೆ. ದೂರ 152, 171, 186 ಮೀಟರ್. ಮೂರು ಬೇರೆ ಬೇರೆ ಹೊಲಗಳು, ಮೂರರಲ್ಲೂ ದೂರದ ಮೂಲೆ. ಕಳೆದ ವರ್ಷದ ಲಾಗ್ ಇದೆ! ಆಗ 250 ಮೀಟರ್‌ನಲ್ಲೂ ಒಮ್ಮೆಯೂ ಕಡಿದಿಲ್ಲ. ಸಂಕೇತದ ಬಲ ಆಗ 30 ಮೀಟರ್‌ನಲ್ಲಿ ನೂರಕ್ಕೆ 92, ಈಗ ಅಷ್ಟೇ ದೂರದಲ್ಲಿ 55.

ಇಸಾರ್‌ತೀರ | ನವೆಂಬರ್ 11, ನಸುಕು 1.30

ಮ್ಯೂನಿಕ್‌ನಿಂದ ಬರೆಯುತ್ತಿದ್ದೇನೆ, ಮೂಲ ಊರು ವಿಜಯಪುರ. ಇಲ್ಲಿ 1990ರ ದಶಕದಿಂದ ಮಾದರಿ ವಿಮಾನ ಹಾರಿಸುತ್ತಿದ್ದೇನೆ. ಆಗ ನಮ್ಮ ರಿಮೋಟ್‌ಗಳು 35 ಮೆಗಾಹರ್ಟ್ಸ್‌ನವು, ಮೀಟರ್ ಉದ್ದದ ಎಳೆಯುವ ಆಂಟೆನಾ, ಚಾನೆಲ್ (ಇಲ್ಲಿ ರೇಡಿಯೊ ಆವರ್ತನ) ಬದಲಿಸಬೇಕೆಂದರೆ ಅದನ್ನು ನಿರ್ಧರಿಸುವ ಸ್ಫಟಿಕ ಬದಲಿಸಬೇಕು. ಇಬ್ಬರು ಒಂದೇ ಚಾನೆಲ್‌ನಲ್ಲಿ ಆನ್ ಮಾಡಿದರೆ ವಿಮಾನ ನೆಲಕ್ಕೆ. ಆದ್ದರಿಂದ ಮೈದಾನದಲ್ಲಿ ಒಂದು ಹಲಗೆ, ಅದರ ಮೇಲೆ ಪ್ರತಿ ಚಾನೆಲ್‌ಗೆ ಒಂದು ಗೂಟ. ಗೂಟ ಕೈಯಲ್ಲಿದ್ದವನು ಮಾತ್ರ ಹಾರಿಸಬಹುದು. ದಿನದ ಮೊದಲ ಹಾರಾಟಕ್ಕೆ ಮುಂಚೆ ಆಂಟೆನಾ ಮಡಚಿ, ರಿಮೋಟ್ ಹಿಡಿದು ಹೆಜ್ಜೆ ಎಣಿಸುತ್ತಾ ದೂರ ಹೋಗಿ, ವಿಮಾನದ ರೆಕ್ಕೆ ಇನ್ನೂ ಮಾತು ಕೇಳುತ್ತಿದೆಯೇ ನೋಡಬೇಕಿತ್ತು. 2.4 ಗಿಗಾಹರ್ಟ್ಸ್ ಬಂದ ಮೇಲೆ ಈ ಅಭ್ಯಾಸವನ್ನೇ ಜನ ಬಿಟ್ಟರು ಎಂಬ ಸಂಕಟ ನನಗಿದೆ. ಈಗಿನ ಹಲವು ರಿಮೋಟ್‌ಗಳಲ್ಲೂ ಶಕ್ತಿ ತಗ್ಗಿಸಿ ದೂರ ಪರೀಕ್ಷಿಸುವ ವಿಧಾನ ಇದೆ, ಮೆನು ತಡಕಾಡಿ ನೋಡಿ.

ನಿಮ್ಮ ವಿಷಯಕ್ಕೆ ಬಂದರೆ, ನೀವು ಎಲ್ಲಿ ನಿಂತು ಹಾರಿಸುತ್ತೀರಿ? ಈಗಿನ ತೊಗರಿ ಎದೆಮಟ್ಟ ದಾಟಿರುತ್ತದೆ, ಡ್ರೋನ್ ಬೆಳೆಯ ಮೇಲೆ ಎರಡು ಮೂರು ಮೀಟರ್ ಎತ್ತರದಲ್ಲಿ ಇರುತ್ತದೆ. ನಿಮ್ಮ ಕಣ್ಣಿಗೆ ಡ್ರೋನ್ ಕಂಡರೆ ಸಾಲದು. ರೇಡಿಯೊ ಅಲೆಗೆ ನೇರ ಗೆರೆಯ ಸುತ್ತ ಹೊಟ್ಟೆ ಉಬ್ಬಿದ ಸೌತೆಕಾಯಿಯಷ್ಟು ಜಾಗ ಬೇಕು. 200 ಮೀಟರ್ ದೂರಕ್ಕೆ 2.4 ಗಿಗಾಹರ್ಟ್ಸ್‌ನಲ್ಲಿ ನಟ್ಟನಡುವೆ ಅದರ ತ್ರಿಜ್ಯ ಸುಮಾರು ಎರಡೂವರೆ ಮೀಟರ್. ಅದರ ಕೆಳಗಿನ ಅರ್ಧದಲ್ಲಿ ಬಹುಪಾಲು ನಿಮ್ಮ ತೊಗರಿಯೊಳಗೆ ಹೂತುಹೋಗಿದೆ. ಹಸಿ ಎಲೆ ಎಂದರೆ ನೀರು, ನೀರು ಈ ಅಲೆಯನ್ನು ಹೀರುತ್ತದೆ. ಬದುವಿನ ಮೇಲೋ, ಟ್ರ್ಯಾಕ್ಟರ್ ಟ್ರಾಲಿಯ ಮೇಲೋ ನಿಂತು ನೋಡಿ. ಆಂಟೆನಾದ ತುದಿಯನ್ನು ಡ್ರೋನ್ ಕಡೆಗೆ ಗುರಿ ಮಾಡಬೇಡಿ, ತುದಿಯ ದಿಕ್ಕಿನಲ್ಲೇ ಅದು ಅತ್ಯಂತ ದುರ್ಬಲ. ಪಕ್ಕ ಡ್ರೋನ್ ಕಡೆಗಿರಲಿ.

ಸೋಲ್ಡರ್‌ಮನೆ | ನವೆಂಬರ್ 11, ಬೆಳಿಗ್ಗೆ 8.45

ಇಸಾರ್‌ತೀರ ಸರ್ ಹೇಳಿದ್ದು ಸರಿ, ಟ್ರಾಲಿ ಪರೀಕ್ಷೆ ಮಾಡಿ. ಆದರೆ ಕಳೆದ ವರ್ಷವೂ ತೊಗರಿ ಇಷ್ಟೇ ಎತ್ತರ ಇತ್ತಲ್ಲ? 30 ಮೀಟರ್‌ನಷ್ಟು ಹತ್ತಿರದಲ್ಲೇ 92 ಇದ್ದದ್ದು 55ಕ್ಕೆ ಇಳಿದಿದೆ ಎಂದರೆ ಬೆಳೆಯನ್ನು ದೂರುವಂತಿಲ್ಲ. ನನ್ನ ಅನುಮಾನ ಆಂಟೆನಾದ ಮೇಲೆ. ನೀವು ರಿಮೋಟನ್ನು ಯಾವುದರಲ್ಲಿ ಒಯ್ಯುತ್ತೀರಿ?

ತೊಗರಿಹೊಲ | ನವೆಂಬರ್ 11, ಬೆಳಿಗ್ಗೆ 9.20

ಕಬ್ಬಿಣದ ಪೆಟ್ಟಿಗೆಯಲ್ಲಿ, ಸ್ಪಾಂಜ್ ಹಾಕಿ. ಆಂಟೆನಾ ಮಡಚಿದರೂ ಮುಚ್ಚಳ ಸ್ವಲ್ಪ ಒತ್ತಿಕೊಂಡೇ ಮುಚ್ಚುತ್ತದೆ. ಅದು ಈ ವರ್ಷ ಮಾಡಿಸಿದ ಪೆಟ್ಟಿಗೆ.

ಸೋಲ್ಡರ್‌ಮನೆ | ನವೆಂಬರ್ 11, ಬೆಳಿಗ್ಗೆ 9.40

ನಿಮ್ಮ ಎರಡನೆಯ ರೋಗ ಅಲ್ಲೇ ಇದೆ ಎಂದು ನನ್ನ ಮನಸ್ಸು ಹೇಳುತ್ತಿದೆ. ಆದರೆ ನೋಡದೆ ನಂಬಬೇಡಿ.

ಮಡಚುವ ಆಂಟೆನಾದ ಒಳಗೆ ಹುರಿಗಿಂತ ಸಣ್ಣ ಕೇಬಲ್ ಇರುತ್ತದೆ. ಅದು ಕೀಲಿನ ಮೂಲಕ ಹಾದು ಒಳಗಿನ ರೇಡಿಯೊ ಬೋರ್ಡ್‌ಗೆ ಐಪೆಕ್ಸ್ ಎಂಬ ಗುಂಡಿಯಂಥ ಕನೆಕ್ಟರ್‌ನಿಂದ ಕೂಡಿರುತ್ತದೆ. ಆ ಗುಂಡಿಯನ್ನು ತಯಾರಕರು 30 ಸಲ ಹಾಕಿ ತೆಗೆಯಲು ಮಾತ್ರ ಲೆಕ್ಕ ಹಾಕಿ ಮಾಡಿರುತ್ತಾರೆ, ಅಷ್ಟು ಸೂಕ್ಷ್ಮ. ಪ್ರತಿದಿನ ಮುಚ್ಚಳ ಒತ್ತಿದರೆ ಕೀಲಿನಲ್ಲಿ ಕೇಬಲ್‌ನ ಹೊರಜಾಲರಿ ಹರಿಯುತ್ತದೆ, ಇಲ್ಲವೇ ಗುಂಡಿ ಕಳಚಿಕೊಳ್ಳುತ್ತದೆ. ಆಗಲೂ ರಿಮೋಟ್ ಕೆಲಸ ಮಾಡುತ್ತದೆ, ಹತ್ತಿರದಲ್ಲಿ ಎಲ್ಲ ಸರಿ ಅನ್ನಿಸುತ್ತದೆ. ಸಂಕೇತ 6 ಡೆಸಿಬೆಲ್ ಇಳಿದರೆ ತಲುಪುವ ದೂರ ಅರ್ಧವಾಗುತ್ತದೆ, 20 ಡೆಸಿಬೆಲ್ ಇಳಿದರೆ ಹತ್ತರಲ್ಲಿ ಒಂದು ಪಾಲು. ಒಂದು ಕಿಲೋಮೀಟರ್ ಹೋಗುವ ರಿಮೋಟ್ ನೂರು ಮೀಟರ್‌ಗೆ ಕುಗ್ಗಿರುತ್ತದೆ, ಮನೆಯಂಗಳದಲ್ಲಿ ಪರೀಕ್ಷಿಸಿದವನಿಗೆ ಅದು ತಿಳಿಯುವುದೇ ಇಲ್ಲ.

ಬಿಚ್ಚುವಾಗ ಮೊದಲು ಬ್ಯಾಟರಿ ತೆಗೆಯಿರಿ. ಯಾವ ಸ್ಕ್ರೂ ಎಲ್ಲಿಯದು ಎಂದು ಹಂತಹಂತವಾಗಿ ಮೊಬೈಲ್‌ನಲ್ಲಿ ಫೋಟೊ ತೆಗೆದುಕೊಳ್ಳಿ. ಎರಡು ಹೊದಿಕೆಗಳ ನಡುವೆ ಪಟ್ಟಿ ಕೇಬಲ್ ಇರುತ್ತದೆ, ಜಗ್ಗಿದರೆ ಹರಿದೀತು. ಎಲ್ಲಕ್ಕಿಂತ ಮುಖ್ಯ, ಆಂಟೆನಾ ಕಳಚಿದ ಸ್ಥಿತಿಯಲ್ಲಿ ರಿಮೋಟ್ ಆನ್ ಮಾಡಬೇಡಿ. ಹೊರಹೋಗಬೇಕಾದ ಶಕ್ತಿ ಹಿಂದಿರುಗಿ ರೇಡಿಯೊದ ಕೊನೆಯ ಹಂತವನ್ನು ಸುಡಬಹುದು.

ಕೈ ನಡುಗುವುದಾದರೆ ಮೊಬೈಲ್ ರಿಪೇರಿಯವರ ಬಳಿ ಹೋಗಿ. ಅವರ ಬಳಿ ಸೂಕ್ಷ್ಮದರ್ಶಕ ಇರುತ್ತದೆ, ಫೋನ್‌ಗಳ ಒಳಗೂ ಇಂಥದ್ದೇ ಗುಂಡಿಗಳು ಇರುವುದರಿಂದ ಅವರಿಗೆ ಕೈ ಪಳಗಿರುತ್ತದೆ.

ಗಾಳಿಪಟ | ನವೆಂಬರ್ 11, ಬೆಳಿಗ್ಗೆ 10.15

ಸರ್, ನಡುವೆ ಒಂದು ಪ್ರಶ್ನೆ, ಕ್ಷಮಿಸಿ. ನನ್ನ ಚಿಕ್ಕ ಡ್ರೋನ್‌ನದು ಎಕ್ಸ್‌ಪ್ರೆಸ್‌ಎಲ್‌ಆರ್‌ಎಸ್ ಎಂಬ ಬೇರೆ ಬಗೆಯ ರೇಡಿಯೊ. ಮೊನ್ನೆ ರಿಮೋಟ್ ಕಡೆಯ ಸಾಫ್ಟ್‌ವೇರ್ ಹೊಸದು ಹಾಕಿದ ಮೇಲೆ ರಿಸೀವರ್ ಸೇರಿಕೊಳ್ಳುತ್ತಿಲ್ಲ. ಇದೂ ಆಂಟೆನಾ ಇರಬಹುದೇ?

ಸೋಲ್ಡರ್‌ಮನೆ | ನವೆಂಬರ್ 11, ಬೆಳಿಗ್ಗೆ 10.30

ಇರಲಾರದು. ರಿಸೀವರ್‌ನಲ್ಲಿ ಹಳೆಯ 2ನೇ ಆವೃತ್ತಿಯೇ ಉಳಿದಿದೆಯೇ ನೋಡಿ. 2 ಮತ್ತು 3 ಒಂದಕ್ಕೊಂದು ಮಾತಾಡುವುದಿಲ್ಲ, ಎರಡೂ ಕಡೆ ಒಂದೇ ಮುಖ್ಯ ಆವೃತ್ತಿ ಬೇಕು. ಬೈಂಡಿಂಗ್ ಪದಗುಚ್ಛವೂ (ರಿಮೋಟ್ ಮತ್ತು ರಿಸೀವರ್ ಒಂದನ್ನೊಂದು ಗುರುತಿಸುವ ಪದಗಳು) ಅಕ್ಷರಕ್ಕೆ ಅಕ್ಷರ ಒಂದೇ ಇರಬೇಕು.

ಗಾಳಿಪಟ | ನವೆಂಬರ್ 11, ಬೆಳಿಗ್ಗೆ 11.50

ಆವೃತ್ತಿಯೇ ಕಾರಣ. ರಿಸೀವರ್‌ಗೂ 3 ಹಾಕಿದೆ, ಕೂಡಲೇ ಸೇರಿಕೊಂಡಿತು.

ತೊಗರಿಹೊಲ | ನವೆಂಬರ್ 12, ರಾತ್ರಿ 9.00

ಟ್ರಾಲಿ ಮೇಲೆ ನಿಂತು ನೋಡಿದೆ. ಡ್ರೋನನ್ನು ಪ್ರೊಪೆಲರ್ ಇಲ್ಲದೆ ದೂರದ ಬದುವಿನಲ್ಲಿ, ಎತ್ತಿನ ಗಾಡಿಯ ಮೇಲಿಟ್ಟಿದ್ದೆ. ಸುಮಾರು 150 ಮೀಟರ್. ನೆಲದಲ್ಲಿ ನಿಂತಾಗ ಸಂಕೇತ 38, ಟ್ರಾಲಿ ಮೇಲಿಂದ 46. ಮೇಲೇರಿದ್ದರಿಂದ ಲಾಭ ಇದೆ, ಆದರೆ ಸಾಲದು.

ಇವತ್ತು ಕಲಬುರಗಿಗೆ ಹೋಗಿ ಮೊಬೈಲ್ ರಿಪೇರಿ ಮಾಡುವ ಹುಡುಗನ ಬಳಿ ಬಿಚ್ಚಿಸಿದೆ. ಗುಂಡಿ ಕಳಚಿರಲಿಲ್ಲ. ಕೀಲಿನ ಬಳಿ ಕೇಬಲ್ ಬಾಗಿದ ಜಾಗದಲ್ಲಿ ಕಪ್ಪು ಹೊದಿಕೆ ಬಿರಿದು ಹೊರಜಾಲರಿ ಮುಕ್ಕಾಲು ಭಾಗ ಹರಿದುಹೋಗಿತ್ತು. ಎರಡೂ ತುದಿ ಬಿಡಿಸಿ ಮಲ್ಟಿಮೀಟರ್ ಹಿಡಿದು ಕೇಬಲ್ ಅಲ್ಲಾಡಿಸಿದಾಗ ಜಾಲರಿಯ ಸಂಪರ್ಕ ಬಂದು ಹೋಗಿ ಮಾಡುತ್ತಿತ್ತು. ಒಳಗಿನ ತಂತಿ ಮಾತ್ರ ಗಟ್ಟಿಯಾಗಿತ್ತು. ಸೂಕ್ಷ್ಮದರ್ಶಕದಲ್ಲಿ ಅದನ್ನು ನೋಡಿದಾಗ ಹೊಟ್ಟೆ ತೊಳಸಿದಂತಾಯಿತು. ಆ ನಾಲ್ಕು ಎಳೆಗಳ ಮೇಲೆ 20 ಕಿಲೋ ತೂಕವನ್ನು ಜನರ ಹತ್ತಿರ ಹಾರಿಸಿದ್ದೆ.

ಅವನ ಬಳಿ ಅದೇ ಅಳತೆಯ ಕೇಬಲ್ ಸಹಿತ ಆಂಟೆನಾ ಇರಲಿಲ್ಲ. ಸೋಲ್ಡರ್‌ಮನೆ ಸರ್, ನೀವು ಕಳಿಸಿಕೊಡಬಹುದೇ? ಪಾಟ್‌ನ ಬದಲು ಹಾಲ್ ಸ್ಟಿಕ್ ಕೂರಿಸಲು ಸಾಧ್ಯವೇ? ಫೋಟೊ ಹಾಕಿದ್ದೇನೆ.

ಸೋಲ್ಡರ್‌ಮನೆ | ನವೆಂಬರ್ 12, ರಾತ್ರಿ 9.35

ನಿಮ್ಮ ಮಾದರಿಗೆ ಹಾಲ್ ಸ್ಟಿಕ್ ಸಿಗುತ್ತದೆ, ಸ್ಕ್ರೂ ಜಾಗವೂ ಹೊಂದುತ್ತದೆ. ಆಂಟೆನಾ ಜೊತೆಗೆ ನಾಳೆ ಬೆಳಿಗ್ಗೆಯ ಕೊರಿಯರ್‌ಗೆ ಹಾಕುತ್ತೇನೆ. ಎರಡೂ ಸೇರಿ 2,000 ರೂಪಾಯಿಯ ಒಳಗೆ.

ಬಂದ ಮೇಲೆ ಒಂದೇ ಸಲಕ್ಕೆ ಎರಡನ್ನೂ ಹಾಕಬೇಡಿ. ಮೊದಲು ಆಂಟೆನಾ ಹಾಕಿ 30 ಮೀಟರ್ ಪರೀಕ್ಷೆ ಮಾಡಿ, ಅಂಕಿ ಬರೆದಿಡಿ. ಆಮೇಲೆ ಸ್ಟಿಕ್ ಹಾಕಿ, ರಿಮೋಟ್ ಕ್ಯಾಲಿಬ್ರೇಟ್ ಮಾಡಿ, ಮಿಷನ್ ಪ್ಲ್ಯಾನರ್‌ನಲ್ಲೂ ಮಾಡಿ. ಹಳೆಯ ಪಾಟ್‌ಗೆ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ ಮತ್ತೆ ಬಳಸುವ ಆಸೆ ಬೇಡ. ಎರಡು ದಿನ ಚೆನ್ನಾಗಿರುತ್ತದೆ, ಆಮೇಲೆ ಎಣ್ಣೆಗೆ ಧೂಳು ಅಂಟಿ ಮೊದಲಿಗಿಂತ ಕೆಡುತ್ತದೆ.

ಹಾರಿಸುವ ಮುಂಚೆ ಇನ್ನೊಂದು. ಪ್ರೊಪೆಲರ್ ಇಲ್ಲದೆ ಡ್ರೋನ್ ಆನ್ ಮಾಡಿ, ರಿಮೋಟನ್ನು ಬೇಕೆಂದೇ ಆಫ್ ಮಾಡಿ. ಲ್ಯಾಪ್‌ಟಾಪ್‌ನಲ್ಲಿ ಫೇಲ್‌ಸೇಫ್ ಬರಲೇಬೇಕು. ಬಾರದೆ ಕೊನೆಯ ಆಜ್ಞೆಯೇ ಹಾಗೆ ನಿಂತುಬಿಟ್ಟರೆ ರಿಸೀವರ್‌ನ ಹೊಂದಾಣಿಕೆ ತಪ್ಪಾಗಿದೆ. ಸಂಪರ್ಕ ಕಡಿದರೂ ಡ್ರೋನ್ ಮುಂದೆ ಹೋಗುತ್ತಲೇ ಇರುತ್ತದೆ, ಅದು ಎಲ್ಲಕ್ಕಿಂತ ಭಯಂಕರ. ನಿಮ್ಮದು ಮೂರೂ ಸಲ ಮರಳಿ ಬಂದಿದೆ, ಆದರೂ ರಿಪೇರಿಯ ನಂತರ ಇದನ್ನು ಮತ್ತೆ ನೋಡಲೇಬೇಕು. ಮರಳುವ ಎತ್ತರ ಎಷ್ಟಿದೆ? ಆರ್ಡುಪೈಲಟ್‌ನ ಮೂಲ ಹೊಂದಾಣಿಕೆ 15 ಮೀಟರ್. ಬೇವು ಅದಕ್ಕಿಂತ ಎತ್ತರ ಬೆಳೆಯುತ್ತದೆ.

ಸಂಘದಕ್ಕ | ನವೆಂಬರ್ 12, ರಾತ್ರಿ 9.50

ತಮ್ಮಾ, ಆ ಪೆಟ್ಟಿಗೆಯನ್ನು ಮೊದಲು ಸರಿಮಾಡಿಸು. ಹೊಸ ಆಂಟೆನಾವನ್ನೂ ಅದೇ ಮುಚ್ಚಳ ಕಡಿಯುತ್ತದೆ.

ತೊಗರಿಹೊಲ | ನವೆಂಬರ್ 16, ಸಂಜೆ 6.30

ಅಕ್ಕ, ಪೆಟ್ಟಿಗೆಯ ಸ್ಪಾಂಜನ್ನು ಆಂಟೆನಾದ ಆಕಾರಕ್ಕೆ ಕೊರೆಸಿದ್ದೇನೆ. ಈಗ ಮುಚ್ಚಳ ಎಲ್ಲಿಯೂ ತಾಗುವುದಿಲ್ಲ. ಕೈಗವಸೂ ಎರಡು ಜೊತೆ ಆಯಿತು.

ಆಂಟೆನಾ ಹಾಕಿದ ಮೇಲೆ 30 ಮೀಟರ್‌ನಲ್ಲಿ 93. ಸ್ಟಿಕ್ ಇನ್ನೂ ಹಳೆಯದೇ ಇತ್ತು, ತಟ್ಟಿದರೆ ಆಗಲೂ 1560ಕ್ಕೆ ಜಿಗಿಯಿತು. ಎರಡು ರೋಗ ಎಂದಿರಲ್ಲ ಸರ್, ಅದನ್ನು ಕಣ್ಣಾರೆ ಕಂಡೆ. ಆಮೇಲೆ ಹಾಲ್ ಸ್ಟಿಕ್ ಹಾಕಿದೆ. ಬಿಸಿಲಿನಲ್ಲಿ ಒಂದು ಗಂಟೆ ಇಟ್ಟು ಹತ್ತು ಸಲ ಬಿಟ್ಟು ನೋಡಿದೆ, 1499 ಮತ್ತು 1501ರ ಆಚೆ ಹೋಗಲಿಲ್ಲ.

ರಿಮೋಟ್ ಆಫ್ ಮಾಡಿದಾಗ ಫೇಲ್‌ಸೇಫ್ ಬಂತು. ಮರಳುವ ಎತ್ತರ 15 ಮೀಟರೇ ಇತ್ತು, ಈಗ 25ಕ್ಕೆ ಏರಿಸಿದ್ದೇನೆ. ಇವತ್ತು ಟ್ಯಾಂಕಿಗೆ ಬರೀ ನೀರು ತುಂಬಿ ನಮ್ಮದೇ ಹೊಲದಲ್ಲಿ, ಸುತ್ತ ಯಾರೂ ಇಲ್ಲದಂತೆ ನೋಡಿಕೊಂಡು, ಟ್ರಾಲಿ ಮೇಲೆ ನಿಂತು ಹಾರಿಸಿದೆ. 186 ಮೀಟರ್‌ನ ಅದೇ ಮೂಲೆಯಲ್ಲಿ ಎರಡು ನಿಮಿಷ ಸ್ಟಿಕ್ ಮುಟ್ಟದೆ ನಿಲ್ಲಿಸಿದೆ. ಮೂಗು ಒಂದು ಡಿಗ್ರಿಯೂ ಕದಲಲಿಲ್ಲ, ಸಂಕೇತ 71.

ನಾಳೆ ಮುಂದೂಡಿದ್ದ ಹೊಲಗಳಿಗೆ ಹೋಗುತ್ತಿದ್ದೇನೆ, ಮೊದಲು ಆ ಬೇವಿನ ಮರದ ಯಜಮಾನರದು. ಮರದ ಕೆಳಗೆ ಯಾರೂ ನಿಲ್ಲಬಾರದೆಂದು ಈಗಲೇ ಫೋನ್ ಮಾಡಿ ಹೇಳಿದ್ದೇನೆ. ಹಾರಿಸಿದ ಮೇಲೆ ಲಾಗ್ ಇಲ್ಲಿ ಹಾಕುತ್ತೇನೆ.